ಒಂದೇ ಅಳತೆಯ ತಪ್ಪುಗಳು

ಮನುಷ್ಯನಿಗೆ ನೆಟ್ಟಗಿರುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಮೊದಲು ಅಪ್ಪ ಕಲಿಸುತ್ತಾನೆ, ಆಮೇಲೆ ಮೇಷ್ಟ್ರು ಕಲಿಸುತ್ತಾರೆ, ಇಬ್ಬರೂ ಕೈಚೆಲ್ಲಿದ ಮೇಲೆ ಹೆಂಡತಿ ವಹಿಸಿಕೊಳ್ಳುತ್ತಾಳೆ. ಹೀಗೆ ಮೂರು ಕೈ ದಾಟಿ, ಐವತ್ತಮೂರು ವರ್ಷ ತುಂಬಿ, ಇನ್ನೇನು ಪೂರ್ತಿ ನೆಟ್ಟಗಾದೆ ಎಂದುಕೊಳ್ಳುವ ಹೊತ್ತಿಗೆ ಯಾರೋ ಬಂದು 'ನೀವು ಸ್ವಲ್ಪ ಸೊಟ್ಟಗೆ ಬರೀಬೇಕು ಸಾರ್' ಎಂದರೆ ಹೇಗಿರುತ್ತದೆ ಹೇಳಿ. ನನಗಾದದ್ದು ಅದೇ.

ನಾನು ವೃತ್ತಿಯಿಂದ ನಕ್ಷೆಗಾರ. ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗೋಡೆ, ಮೆಟ್ಟಿಲು, ಕಿಟಕಿ, ಚರಂಡಿಗಳನ್ನು ಎಳೆದಿದ್ದೇನೆ. ನನ್ನ ಗೆರೆ ಎಂದರೆ ಗೆರೆ. ಈ ಊರಿನ ಅರ್ಧ ಜನ ನಾನು ಎಳೆದ ಮೆಟ್ಟಿಲು ಹತ್ತಿಯೇ ಮಲಗಲು ಹೋಗುತ್ತಾರೆ. (ಉಳಿದ ಅರ್ಧ ನೆಲಮಹಡಿಯವರು.) ಎರಡು ವರ್ಷದ ಹಿಂದೆ ಕಚೇರಿಯವರು ನಕ್ಷೆಯ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿ, ನನ್ನನ್ನು ಹಳೆಯ ನಕ್ಷೆಗಳ ಕೋಣೆಗೆ ದಾಟಿಸಿದರು. ಅಲ್ಲಿ ನನ್ನ ಕೆಲಸವೆಂದರೆ ಸುರುಳಿ ಬಿಚ್ಚುವುದು, ಧೂಳು ಒರೆಸುವುದು, ಮತ್ತೆ ಸುರುಳಿ ಸುತ್ತುವುದು. "ಸುತ್ತೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ" ಎಂದು ಮೇಲಧಿಕಾರಿ ಒಂದು ದಿನ ಬೆನ್ನು ತಟ್ಟಿ ಹೇಳಿದ. ಅವತ್ತು ಮನೆಗೆ ಬಂದು ಊಟ ಮಾಡಲು ಮನಸ್ಸಾಗಲಿಲ್ಲ. ಗೆರೆ ಎಳೆದು ಬದುಕಿದ ಕೈ ಅದು. ಅದಕ್ಕೆ ಧೂಳು ಒರೆಸುವ ಬಟ್ಟೆ ಕೊಟ್ಟರೆ ದುಃಖವಾಗದೆ ಇರುತ್ತದೆಯೆ?

ಇಂಥ ಹೊತ್ತಿನಲ್ಲಿ ಪತ್ರಿಕೆಯಲ್ಲೊಂದು ಪ್ರಕಟಣೆ ಕಂಡಿತು. ಒಂದು ಪ್ರಕಾಶನದವರು ಮಕ್ಕಳಿಗಾಗಿ ಹತ್ತು ಕಥೆಪುಸ್ತಕ ತರುತ್ತಾರಂತೆ. ಒಂದು ಬೀದಿ, ಆ ಬೀದಿಯ ಜನ, ಅವರ ಪಜೀತಿಗಳು. ಚಿತ್ರ ಬರೆಯುವವರು ಬೇಕು, ಮಾದರಿಗಳನ್ನು ಕಳಿಸಿ ಎಂದಿದ್ದರು. ಹತ್ತು ಪುಸ್ತಕ! ಧೂಳಿನ ಕೋಣೆಯಿಂದ ಪಾರಾಗಲು ನನಗೆ ಬಂದ ದಾರಿ ಇದೊಂದೇ ಎಂದು ಆ ಗಳಿಗೆಯಲ್ಲೇ ನಿರ್ಧಾರವಾಯಿತು. ಕಾಲೇಜಿಗೆ ಹೋಗುವ ಮಗಳು ಹೊಸ ಟ್ಯಾಬ್ ತೆಗೆದುಕೊಂಡಿದ್ದಳು. ಅವಳ ಹಳೆಯ ಟ್ಯಾಬೂ ಅದರ ಪೆನ್ನೂ ನನ್ನ ಪಾಲಾದವು.

ಮೊದಲ ಮಾದರಿಯಾಗಿ ಅಂಚೆಯವನನ್ನು ಬರೆದೆ. ಒಂಬತ್ತು ದಿನ ಹಿಡಿಯಿತು. ಟ್ಯಾಬಿನಲ್ಲಿ ಚಿತ್ರವನ್ನು ಎಷ್ಟು ಬೇಕಾದರೂ ಹಿಗ್ಗಿಸಿ ನೋಡಬಹುದು. ಈ ಸೌಲಭ್ಯವನ್ನು ಕಂಡುಹಿಡಿದವನಿಗೆ ಕೈಮುಗಿಯಬೇಕು. ಒಂದು ಹಗಲು ಪೂರ್ತಿ ಅವನ ಅಂಗಿಯ ಎರಡನೆಯ ಗುಂಡಿಯೊಳಗೇ ವಾಸವಾಗಿದ್ದೆ. ನಾಲ್ಕು ತೂತು, ನಾಲ್ಕರಲ್ಲೂ ದಾರ. ಅಭ್ಯಾಸಬಲದಿಂದ ಮುಂಭಾಗದ ನೋಟ, ಪಕ್ಕದ ನೋಟ, ಮೇಲಿನಿಂದ ನೋಟ ಮೂರನ್ನೂ ಕೊಟ್ಟು, ಪಕ್ಕದಲ್ಲಿ ಅಳತೆಯನ್ನೂ ಕಾಣಿಸಿದೆ.

ಕಳಿಸಿದ ನಾಲ್ಕು ದಿನಕ್ಕೆ ಪ್ರಕಾಶನದ ಸಂಪಾದಕಿಯ ಫೋನು ಬಂತು. ದನಿಯಲ್ಲಿ ಮರ್ಯಾದೆ ಇತ್ತು, ಅದರಿಂದಲೇ ನನಗೆ ಅನುಮಾನ ಬಂದದ್ದು.

"ಸಾರ್, ತುಂಬ ಶ್ರದ್ಧೆಯಿಂದ ಬರೆದಿದೀರಿ. ಆದ್ರೆ ಇವನನ್ನ ಕಟ್ಟಬಹುದು ಸಾರ್, ಇವನ ಕಥೆ ಹೇಳೋಕಾಗಲ್ಲ."

"ಅರ್ಥ ಆಗಲಿಲ್ಲ ಮೇಡಂ."

"ಜೀವ ಇಲ್ಲ. ಗೆರೆ ಸಡಿಲ ಆಗ್ಬೇಕು. ಮೂವತ್ತು ಸೆಕೆಂಡಲ್ಲಿ ಬರೆದ ಹಾಗಿರಬೇಕು. ಗೀಚಿದ ಹಾಗಿರಲಿ ಸಾರ್, ತಪ್ಪಿದ್ರೂ ಪರವಾಗಿಲ್ಲ. ಮೇಲಿನಿಂದ ನೋಡಿದ ಅಂಚೆಯವನು ನಮಗೆ ಬೇಡವೇ ಬೇಡ. ಹದಿನೈದು ದಿನ ಟೈಮ್ ಕೊಡ್ತೀನಿ, ಇನ್ನೊಂದ್ಸಲ ಪ್ರಯತ್ನ ಮಾಡಿ."

ತಪ್ಪಿದರೂ ಪರವಾಗಿಲ್ಲ! ಇಪ್ಪತ್ತೆಂಟು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಕಸುಬಿನಲ್ಲಿ ತಪ್ಪಿದರೆ ಸ್ನಾನದ ಕೋಣೆಯ ಬಾಗಿಲು ಬೀದಿಗೆ ತೆರೆದುಕೊಳ್ಳುತ್ತದೆ.

ತರಬೇತಿಯನ್ನು ಮಗಳು ವಹಿಸಿಕೊಂಡಳು. ನನಗೆ ಸೈಕಲ್ ಕಲಿಸಿದ ಸೋದರಮಾವನೂ ಇಷ್ಟು ನಿರ್ದಯನಾಗಿರಲಿಲ್ಲ.

"ಅಪ್ಪಾ, ಮಣಿಕಟ್ಟಿನಿಂದ ಎಳೀಬೇಡ. ಭುಜದಿಂದ ಎಳಿ."

"ಪೆನ್ನು ಇರೋದು ಕೈಲಿ. ಭುಜಕ್ಕೂ ಅದಕ್ಕೂ ಏನು ಸಂಬಂಧ?"

"ಕೈ ಭುಜಕ್ಕೆ ಅಂಟಿಕೊಂಡಿದೆ ಅಪ್ಪಾ, ಅದೇ ಸಂಬಂಧ. ಮೊದಲು ತಲೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆ ಎಳಿ. ಆ ಗೆರೆಯಲ್ಲೇ ಆ ಮನುಷ್ಯ ಯಾವ ಥರದೋನು ಅಂತ ಗೊತ್ತಾಗ್ಬೇಕು. ಕಣ್ಣು, ಮೂಗು, ಗುಂಡಿ ಎಲ್ಲ ಆಮೇಲೆ. ಮತ್ತೆ ಈ ಸ್ಟೆಬಿಲೈಸರ್ ತೆಗೆದುಬಿಡ್ತೀನಿ."

ಸ್ಟೆಬಿಲೈಸರ್ ಎಂದರೆ ಫ್ರಿಜ್ಜಿನದು ಎಂದುಕೊಂಡು ನಾನು ಅಡುಗೆಮನೆಯ ಕಡೆ ನೋಡಿದೆ. ಅದು ಟ್ಯಾಬಿನದಂತೆ. ಕೈ ನಡುಗಿದರೂ ಗೆರೆಯನ್ನು ತಾನೇ ನುಣುಪು ಮಾಡುವ ಮಹಾನುಭಾವ. ಅದನ್ನು ಸೊನ್ನೆಗೆ ಇಳಿಸಿದಳು. ಜತೆಗೆ, ಎಳೆದ ಗೆರೆಯನ್ನು ವಾಪಸು ತೆಗೆಯುವ ಗುಂಡಿಯನ್ನು ಮುಟ್ಟಕೂಡದು ಎಂದು ಅಪ್ಪಣೆ. ಇಷ್ಟು ಮಾಡಿ ತಾನೇ ಎದುರಿಗೆ ಬಗ್ಗಿ, ಚಪ್ಪಲಿ ಹಾಕಿಕೊಳ್ಳುವ ಭಂಗಿಯಲ್ಲಿ ನಿಂತಳು.

"ಮೂವತ್ತು ಸೆಕೆಂಡು. ಶುರು!"

ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವಳ ಫೋನಿನ ಗಂಟೆ ಹೊಡೆಯಿತು. ಎರಡನೆಯ ಸಲ ಒಂದು ಕಿವಿ ಬಂತು. ಮೂರನೆಯ ಸಲ ಅದೇ ಕಿವಿಯನ್ನು ತಿದ್ದಿದೆ. ಒಂದು ಗಂಟೆಯ ನಂತರ ಮಗಳಿಗೆ ಸೊಂಟ ಹಿಡಿಯಿತು, ನನ್ನ ಹತ್ತಿರ ಒಂದು ಅಚ್ಚುಕಟ್ಟಾದ ಕಿವಿ ಉಳಿಯಿತು.

ಇದನ್ನೆಲ್ಲ ನನ್ನವಳು ಮುಂದಿನ ಕೋಣೆಯಿಂದ ನೋಡುತ್ತಿದ್ದಳು. ಅವಳು ಟೈಲರ್; ಮುಂದಿನ ಕೋಣೆಯೇ ಅವಳ ಅಂಗಡಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ಅವಳು ಸ್ಕೇಲು ಮುಟ್ಟುವುದಿಲ್ಲ. ಒಂದೇ ಬೀಸಿಗೆ ತೋಳು, ಇನ್ನೊಂದು ಬೀಸಿಗೆ ಕೊರಳು. ಮದುವೆಯಾದಂದಿನಿಂದ ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೇನೆ.

"ಸ್ಕೇಲ್ ಇಡೇ, ಕೈ ಮುಗೀತೀನಿ" ಎಂದರೆ, "ಮನುಷ್ಯರ ಮೈ ಏನು ನಿಮ್ಮ ಚರಂಡಿನಾ, ಸ್ಕೇಲ್ ಇಟ್ಟು ಎಳೆಯೋಕೆ?" ಎನ್ನುತ್ತಾಳೆ.

ಅವತ್ತೂ ಸೂಜಿಗೆ ದಾರ ಪೋಣಿಸುತ್ತ ಅಂದಳು: "ಕಿವಿಯಿಂದ ಯಾಕ್ರೀ ಶುರು ಮಾಡ್ತೀರಿ? ಕಿವಿಗೆ ಯಾರಾದ್ರೂ ಅಂಗಿ ಹೊಲೀತಾರಾ?"

"ಇದು ಕಲೆ. ನಿನಗೆ ತಿಳಿಯೋದಲ್ಲ" ಎಂದೆ.

"ಸರಿ ಬಿಡಿ" ಎಂದಳು. ಅವಳು ಸರಿ ಬಿಡಿ ಎಂದರೆ ಅರ್ಥ ಬೇರೆಯೇ ಇರುತ್ತದೆ, ಆದರೆ ಆಗ ಯೋಚಿಸಲು ಪುರಸೊತ್ತಿರಲಿಲ್ಲ.

ಎಂಟನೆಯ ದಿನ ನನಗೊಂದು ಮಹತ್ತರವಾದ ಉಪಾಯ ಹೊಳೆಯಿತು. ಸಡಿಲ ಗೆರೆ ಎಂದರೆ ಏನು? ಒಂದು ಸರಿಯಾದ ಗೆರೆ, ಅದರ ಅಕ್ಕಪಕ್ಕ ಕೆಲವು ತಪ್ಪು ಗೆರೆ. ಇಷ್ಟೇ ತಾನೆ? ಹಾಗಾದರೆ ಮೊದಲು ಸರಿಯಾದ ಚಿತ್ರ ಬರೆದುಕೊಂಡು, ಆಮೇಲೆ ತಪ್ಪುಗಳನ್ನು ಸೇರಿಸಿದರಾಯಿತು! ಪ್ರತಿ ಗೆರೆಗೆ ಮೂರು ತಪ್ಪು, ಒಂದಕ್ಕೊಂದು ಎರಡು ಮಿಲಿಮೀಟರ್ ಅಂತರ ಎಂದು ಲೆಕ್ಕ ಹಾಕಿದೆ. ಬೇಕರಿಯವನೊಬ್ಬನನ್ನು ಬರೆದು, ಎರಡು ದಿನ ಕೂತು, ಅವನ ಟೋಪಿಯಿಂದ ಬೂಟಿನವರೆಗೆ ಅಚ್ಚುಕಟ್ಟಾಗಿ ತಪ್ಪುಗಳನ್ನು ಜೋಡಿಸಿದೆ. ಆಗಾಗ ತಪ್ಪು ಸರಿಯಾಗಿ ಬರಲಿಲ್ಲವೆಂದು ಅಳಿಸಿ ಮತ್ತೆ ತಪ್ಪಿದೆ. ಸಂಪಾದಕಿಗೆ ಒಂದು ಪುಟ ತೋರಿಸೋಣವೆಂದು ಕಳಿಸಿಯೂ ಬಿಟ್ಟೆ.

ಅರ್ಧ ಗಂಟೆಯಲ್ಲಿ ಫೋನು.

"ಸಾರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ತಪ್ಪುಗಳೆಲ್ಲ ಒಂದೇ ಅಳತೆಯವು."

ನಾನು ಸ್ಕೇಲು ತೆಗೆದು ಬೇಕರಿಯವನ ಟೋಪಿಯ ಮೇಲಿಟ್ಟು ನೋಡಿದೆ.

"ಹತ್ತು ಪಾತ್ರ ಬೇಕು ಸಾರ್. ಶುಕ್ರವಾರ ಸಂಜೆಯೊಳಗೆ ಬರದಿದ್ರೆ ಬೇರೆಯವರಿಗೆ ಕೊಡಬೇಕಾಗುತ್ತೆ. ಅವರ ಹತ್ರ ಈಗಾಗಲೇ ಮಾತಾಡಿದೀವಿ."

ಶುಕ್ರವಾರಕ್ಕೆ ನಾಲ್ಕು ದಿನ. ಮಂಗಳವಾರ ಪೆನ್ನು ಹಿಡಿದರೆ ಕೈ ಬೆವರಿತು. ಬುಧವಾರ, ಈ ಟ್ಯಾಬೇ ಸರಿಯಿಲ್ಲ, ಗಾಜು ಜಾರುತ್ತದೆ ಎಂದು ಕೂಗಾಡಿದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಮುಂದಿನ ಕೋಣೆಯಿಂದ ದನಿ ಬಂತು. ಗುರುವಾರ ಕಚೇರಿಯಲ್ಲಿ ಸುರುಳಿ ಸುತ್ತುತ್ತ, ಇನ್ನು ಉಳಿದ ವರ್ಷಗಳೆಲ್ಲ ಹೀಗೇ ಎಂದು ನೆನೆದು ಒಂದೇ ಸುರುಳಿಯನ್ನು ಮೂರು ಸಲ ಸುತ್ತಿದೆ.

ಶುಕ್ರವಾರ ರಜೆ ಹಾಕಿದೆ. ಮಧ್ಯಾಹ್ನ ನನ್ನವಳು ದಾರ, ಜಿಪ್ಪು ತರಲು ಪೇಟೆಗೆ ಹೋದಳು. ಪೆನ್ಸಿಲ್ ಹುಡುಕುತ್ತ ಅವಳ ಹೊಲಿಗೆ ಯಂತ್ರದ ಖಾನೆ ಎಳೆದರೆ ಅಳತೆ ಪುಸ್ತಕ ಕೈಗೆ ಸಿಕ್ಕಿತು.

ಈ ಪುಸ್ತಕವನ್ನು ಅವಳು ಯಾರಿಗೂ ತೋರಿಸುವುದಿಲ್ಲ, ನನಗೂ ಇಲ್ಲ. ಅವಳಿಗೆ ಗಿರಾಕಿಗಳ ಹೆಸರು ನೆನಪಿರುವುದಿಲ್ಲ, ಮೈ ನೆನಪಿರುತ್ತದೆ. ಆದ್ದರಿಂದ ಹೆಸರಿನ ಬದಲು ಒಬ್ಬೊಬ್ಬರದೂ ಒಂದೊಂದು ಗೀಚು ಚಿತ್ರ ಮಾಡಿಟ್ಟುಕೊಳ್ಳುತ್ತಾಳೆ. ಅದರ ಕೆಳಗೆ ಅಳತೆ, ಅಳತೆಯ ಕೆಳಗೆ ಇರುವೆಯಂಥ ಅಕ್ಷರದಲ್ಲಿ ತನಗೆ ತಾನೇ ಒಂದೆರಡು ಮಾತು. ತೆರೆದು ನೋಡಿದೆ. ಮೊದಲನೆಯ ಪುಟದಲ್ಲಿ ಒಬ್ಬಳು ಮುದುಕಿ, ಏಳೆಂಟು ಗೆರೆ ಅಷ್ಟೆ, ಜಗಳಕ್ಕೆ ಹೊರಟಿದ್ದಳು. ಕಣ್ಣಿಲ್ಲ, ಮೂಗಿಲ್ಲ, ಆದರೂ ಯಾರ ಮನೆಗೆ ಜಗಳಕ್ಕೆ ಹೊರಟಿದ್ದಾಳೆಂದು ಹೇಳಬಹುದಿತ್ತು. ಎರಡನೆಯದರಲ್ಲಿ ಒಬ್ಬ ದಢೂತಿ ಆಸಾಮಿ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡಿದ್ದ. ಅವನ ಪರವಾಗಿ ನನಗೇ ಉಸಿರುಗಟ್ಟಿತು. ಪುಟ ತಿರುಗಿಸುತ್ತ ಹೋದಂತೆ ನನಗೆ ಹೊಟ್ಟೆಕಿಚ್ಚೂ ಅಭಿಮಾನವೂ ಒಟ್ಟಿಗೆ ಬಂದವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನನ್ನದು ಹಿತ್ತಲೂ ಅಲ್ಲ, ಮುಂದಿನ ಕೋಣೆಯ ಗಿಡ.

ಅದರಲ್ಲಿ ಒಬ್ಬನಂತೂ ನನಗೆ ಬಹಳ ಹಿಡಿಸಿಬಿಟ್ಟ. ಕತ್ತು ಕೋಲಿನಂತೆ ಸೆಟೆದಿದೆ, ಗಲ್ಲ ಮೇಲೆ, ಎರಡು ಕೈ ಪಕ್ಕಕ್ಕೆ ಅಂಟಿದೆ. ತಾನು ಬಹಳ ನೆಟ್ಟಗೆ ನಿಂತಿದ್ದೇನೆಂಬ ಜಂಬ. ಆದರೆ ಇಡೀ ಮನುಷ್ಯ ಬಲಕ್ಕೆ ವಾಲಿದ್ದಾನೆ! ಒಬ್ಬನೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಾಪ, ಇಂಥವನನ್ನು ಕಟ್ಟಿಕೊಂಡವಳ ಗತಿ ಏನೋ ಎಂದು ಮರುಗಿದೆ.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಹೇಳುತ್ತೇನೆ. ಹತ್ತು ಪುಟಗಳ ಫೋಟೊವನ್ನು ಫೋನಿನಲ್ಲಿ ತೆಗೆದು ಟ್ಯಾಬಿಗೆ ಹಾಕಿಕೊಂಡೆ. ಟ್ಯಾಬಿನಲ್ಲಿ ಚಿತ್ರ ಬರೆಯುವುದು ಪದರ ಪದರವಾಗಿ. ಕೆಳಗಿನ ಪದರದಲ್ಲಿ ಅವಳ ಪುಟ ಇಟ್ಟು, ಮೇಲಿನ ಪದರದಲ್ಲಿ ನಾನು ಅದರ ಮೇಲೆಯೇ ತಿದ್ದಿದೆ. ಬರೀ ಚಿತ್ರ, ಕೆಳಗಿನ ಬರಹ ಬಿಟ್ಟು. ಧೈರ್ಯ ಸಾಲದೆ ಸ್ಟೆಬಿಲೈಸರನ್ನು ಪೂರ್ತಿ ಏರಿಸಿಕೊಂಡಿದ್ದೆ. ಕೊನೆಗೆ ಅವಳ ಪುಟವಿರುವ ಪದರವನ್ನು ಮರೆಮಾಡಿ, ನನ್ನದನ್ನು ಮಾತ್ರ ಕಳಿಸಬೇಕು. ಪದರಗಳ ಪಟ್ಟಿಯಲ್ಲಿ ಒಂದೊಂದರ ಪಕ್ಕದಲ್ಲೂ ಒಂದು ಕಣ್ಣಿನ ಗುರುತಿರುತ್ತದೆ; ಅದನ್ನು ಒತ್ತಿದರೆ ಆ ಪದರ ಮಾಯ. ನಮ್ಮ ಕಚೇರಿಯಲ್ಲಿ ನಕ್ಷೆಗಳ ಕಟ್ಟು ಮಾಡುವಾಗ ನೆಲಮಹಡಿಯ ಹಾಳೆ ಯಾವತ್ತೂ ಎಲ್ಲಕ್ಕಿಂತ ಮೇಲಿರಬೇಕು, ಅದರ ಕೆಳಗೆ ಮೊದಲ ಮಹಡಿ, ಆಮೇಲೆ ಎರಡನೆಯದು. ಇಪ್ಪತ್ತೆಂಟು ವರ್ಷದ ಈ ನಿಯಮದಂತೆ, ಪಟ್ಟಿಯಲ್ಲಿ ಮೇಲಿರುವುದೇ ತಳದ ಪದರ ಎಂದು ತಿಳಿದು ಅದರ ಕಣ್ಣು ಮುಚ್ಚಿದೆ. ಹತ್ತಕ್ಕೆ ಹತ್ತೂ ಚಿತ್ರಗಳಲ್ಲಿ, ಒಂದೂ ಬಿಡದೆ.

ಕಳಿಸುವ ಮೊದಲು ಅಂಚೆಚೀಟಿಯಷ್ಟು ಚಿಕ್ಕದಾಗಿ ಸಾಲಾಗಿ ಕಾಣುತ್ತಿದ್ದ ಹತ್ತನ್ನೂ ಕನ್ನಡಕವಿಲ್ಲದೆ ಒಮ್ಮೆ ನೋಡಿದೆ. ಆಹಾ! ಕೊನೆಗೂ ನನ್ನ ಕೈ ಸಡಿಲವಾಗಿತ್ತು. ಏನು ಜೀವ, ಏನು ಬೀಸು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಕಳಿಸಿಬಿಟ್ಟೆ. ನನ್ನವಳು ಬರುವಷ್ಟರಲ್ಲಿ ಪುಸ್ತಕ ಖಾನೆ ಸೇರಿತ್ತು. "ಏನ್ರೀ, ಮುಖ ಒಂಥರಾ ಇದೆ?" ಎಂದಳು. "ಏನಿಲ್ಲ, ನಾನು ಯಾವ ಖಾನೆನೂ ತೆಗೆದಿಲ್ಲ" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗಿಂತ ನಾನು ಒಂದು ಹೆಜ್ಜೆ ಮುಂದೆ. ಯಾರೂ ಕಳ್ಳ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡಿದ್ದೆ. ಪುಣ್ಯಕ್ಕೆ ಅವಳ ಗಮನ ಜಿಪ್ಪಿನ ಬಣ್ಣದ ಮೇಲಿತ್ತು.

ಶನಿವಾರ ಬೆಳಿಗ್ಗೆಯೇ ಸಂಪಾದಕಿ.

"ಎಲ್ಲಿತ್ತು ಸಾರ್ ಈ ಕೈ ಇಷ್ಟು ದಿನ? ನಮ್ಮ ಆಫೀಸಲ್ಲಿ ಎಲ್ಲರೂ ಸುತ್ತ ನಿಂತು ನೋಡ್ತಿದೀವಿ!"

"ಹಾಗೇನಿಲ್ಲ ಮೇಡಂ, ಅಭ್ಯಾಸ" ಎಂದೆ ವಿನಯದಿಂದ.

"ಅದರ ಕೆಳಗೆ ಬರೆದಿದೀರಲ್ಲ ಮಾತುಗಳು, ಅದಂತೂ ಇನ್ನೂ ಚೆನ್ನ."

"ಯಾವ ಮಾತು?"

ಅವರು ನಗುತ್ತ ಓದಿದರು. "'ಉಸಿರು ಹಿಡಿದು ಅಳತೆ ಕೊಡ್ತಾರೆ. ಹೊಟ್ಟೆಗೆ ಎರಡಿಂಚು ಜಾಸ್ತಿ ಇಡೋದು. ಕೇಳಿದ್ರೆ ಹೇಳಕೂಡದು.' ಹೇಗೆ ಹೊಳೆಯುತ್ತೆ ಸಾರ್ ನಿಮಗೆ!"

ನನ್ನ ಕಾಲ ಕೆಳಗಿನ ನೆಲಮಹಡಿಯೂ ಮೊದಲ ಮಹಡಿಯೂ ಅದಲುಬದಲಾದದ್ದು ಆಗ ತಿಳಿಯಿತು. ಹೋಗಿದ್ದದ್ದು ನನ್ನ ತಿದ್ದುವಿಕೆಯಲ್ಲ, ಅವಳ ಪುಟಗಳು. ಅವಳ ಗೆರೆ, ಅವಳ ಅಕ್ಷರ, ಗಿರಾಕಿಗಳ ಸೊಂಟ ಸಮೇತ. ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ, ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ "ಹ್ಞೂಂ" ಎಂದೆ.

"ಆ ಕತ್ತು ಸೆಟೆದ ಮನುಷ್ಯ ಇದಾನಲ್ಲ, ಅವನೇ ಹತ್ತೂ ಪುಸ್ತಕದ ನಾಯಕ. ಲಂಬಣ್ಣ ಅಂತ ಹೆಸರಿಟ್ಟಿದೀವಿ. ನಾಳೆ ಭಾನುವಾರ ಮನೆಗೇ ಬರ್ತೀನಿ ಸಾರ್. ನೀವು ಬರೆಯೋದನ್ನ ಕಣ್ಣಾರೆ ನೋಡಬೇಕು."

ಭಾನುವಾರಕ್ಕೆ ಒಂದು ದಿನ ಇತ್ತು. ಒಂದು ದಿನದಲ್ಲಿ ಕೈ ಸಡಿಲವಾಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ನನ್ನವಳು ಕೋಟಿನ ಬಟ್ಟೆ ಕತ್ತರಿಸುತ್ತಿದ್ದಳು. ಅವಳ ಕೈಯಲ್ಲಿ ಕತ್ತರಿ ಇರುವಾಗ ಶುರುಮಾಡಬಾರದಿತ್ತು, ಆದರೆ ಅದು ಇಲ್ಲದ ಹೊತ್ತು ಯಾವುದು?

ಅವಳು ಕೂಗಾಡಲಿಲ್ಲ. ಕತ್ತರಿ ಕೆಳಗಿಟ್ಟಳು. ಅದು ಇನ್ನೂ ಕಷ್ಟ.

"ಅಲ್ಲಾ ರೀ, ಜನ ನನ್ನ ಮುಂದೆ ಕೈ ಎತ್ತಿ ನಿಲ್ತಾರೆ. ಡಾಕ್ಟರ್ ಬಿಟ್ರೆ ನನ್ನ ಮುಂದೇನೇ ಹಾಗೆ ನಿಲ್ಲೋದು. ಯಾರ ಹೊಟ್ಟೆ ಎಷ್ಟು, ಯಾರ ಭುಜ ಯಾಕೆ ಇಳಿದಿದೆ ಅಂತ ಇವತ್ತಿನವರೆಗೂ ನಿಮಗೂ ಹೇಳಿಲ್ಲ ನಾನು. ನೀವು ಅಚ್ಚು ಹಾಕ್ಸೋಕೆ ಹೊರಟಿದೀರಾ?"

"ನಿನ್ನ ಚಿತ್ರ ಅಷ್ಟು ಚೆನ್ನಾಗಿತ್ತು ಕಣೇ."

"ಚೆನ್ನಾಗಿದ್ರೆ ಕದೀಬಹುದಾ? ಪಕ್ಕದ ಮನೆ ಸೈಕಲ್ಲೂ ಚೆನ್ನಾಗಿದೆ."

ನಿಜಕ್ಕೂ ನಾಚಿಕೆಯಾಯಿತು. ನನ್ನ ಧೂಳಿನ ಕೋಣೆಯನ್ನು ತಪ್ಪಿಸಿಕೊಳ್ಳಲು ಹೋಗಿ ಅವಳ ಅಂಗಡಿಗೇ ಕಲ್ಲು ಹಾಕಲು ಹೊರಟಿದ್ದೆ. ಒಂದು ಹೊಟ್ಟೆ ಬಯಲಾದರೆ ಸಾಕು, ಬೀದಿಯ ಹೊಟ್ಟೆಗಳೆಲ್ಲ ಬೇರೆ ಟೈಲರನನ್ನು ಹುಡುಕಿಕೊಂಡು ಹೋಗುತ್ತವೆ.

"ನಾಳೆ ಆ ಮೇಡಂ ಬಂದಾಗ ನಿಜ ಹೇಳಿ, ಹತ್ತನ್ನೂ ಹರಿದುಹಾಕಿ ಅಂತೀನಿ" ಎಂದಳು.

"ಹಾಗೇ ಆಗಲಿ" ಎಂದೆ. ಹತ್ತು ಪುಸ್ತಕವೂ ಕಣ್ಣೆದುರಿಗೇ ಒಂದೊಂದಾಗಿ ಮುಚ್ಚಿಕೊಂಡವು. ಹೊಸಿಲವರೆಗೆ ಹೋದವನು ಆಸೆ ತಡೆಯದೆ ತಿರುಗಿದೆ. "ಒಂಬತ್ತು ಹೋಗಲಿ, ಒಂದನ್ನಾದ್ರೂ ಉಳಿಸೋಕಾಗಲ್ವಾ? ಆ ಕತ್ತು ಸೆಟೆದೋನು, ಬಲಕ್ಕೆ ವಾಲಿದೋನು. ಅವನು ನಮ್ಮ ಬೀದಿಯೋನೂ ಅಲ್ಲ. ನಾನಂತೂ ನೋಡೇ ಇಲ್ಲ ಅವನನ್ನ."

"ಯಾರು?" ಎಂದು ಅವಳು ಟ್ಯಾಬ್ ಇಸಿದುಕೊಂಡು ನೋಡಿದಳು. ಒಂದು ಕ್ಷಣ ನನ್ನನ್ನು ನೋಡಿದಳು. ಮತ್ತೆ ಟ್ಯಾಬ್ ನೋಡಿದಳು. ಆಮೇಲೆ ಕೋಟಿನ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಸದ್ದು ಕೇಳಿ ಮಗಳು ಓಡಿಬಂದು, ತಾನೂ ನೋಡಿ, ನೆಲದ ಮೇಲೆ ಕೂತುಬಿಟ್ಟಳು.

"ಯಾರೇ ಅದು?"

"ನೀವು ನೋಡೇ ಇಲ್ವಾ ಅವರನ್ನ?"

"ಇಲ್ಲ ಅಂದ್ನಲ್ಲ!"

"ಸರಿ ಬಿಡಿ" ಎಂದಳು.

ಭಾನುವಾರ ಹತ್ತು ಗಂಟೆಗೆ ಕರೆಗಂಟೆ ಸದ್ದಾಯಿತು. ಹೊಸ ಅಂಗಿ ಹಾಕಿಕೊಂಡು, ತಪ್ಪೊಪ್ಪಿಗೆಯ ಭಾಷಣವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ, ಗಂಭೀರವಾಗಿ ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ಸಂಪಾದಕಿ ಚೀಲ ಹಿಡಿದು ನಿಂತಿದ್ದರು. ನಮಸ್ಕಾರವೆನ್ನಲು ಬಾಯಿ ತೆರೆದವರು ಹಾಗೇ ನಿಂತರು. ತಲೆಯಿಂದ ಪಾದದವರೆಗೆ ನನ್ನನ್ನೊಮ್ಮೆ ನೋಡಿ, ತಾವೂ ಸ್ವಲ್ಪ ಬಲಕ್ಕೆ ವಾಲಿದರು.

"ಲಂಬಣ್ಣ!" ಎಂದರು.

ಯಾರಪ್ಪ ಬಂದದ್ದು ಎಂದು ನಾನು ಹಿಂದೆ ತಿರುಗಿ ನೋಡಿದೆ. ಕತ್ತು ಮಾತ್ರ ತಿರುಗಿಸುವುದು ನನಗೆ ಒಗ್ಗುವುದಿಲ್ಲ. ಎರಡು ಕೈ ಪಕ್ಕಕ್ಕಿಟ್ಟುಕೊಂಡು, ಗಲ್ಲ ಮೇಲೆತ್ತಿ, ಇಡೀ ದೇಹ ಸಮೇತ ತಿರುಗಿದೆ. ಹಿಂದೆ ನನ್ನವಳು ಮತ್ತು ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿದ್ದರು.

ಆಗ ತಿಳಿಯಿತು. ಟ್ಯಾಬ್ ತೆಗೆದು ಆ ಪುಟದ ಕೆಳಗಿನ ಇರುವೆ ಅಕ್ಷರಗಳನ್ನು ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಓದಿದೆ: 'ಕತ್ತು ತಿರುಗೋದಿಲ್ಲ. ನೆಟ್ಟಗಿದೀನಿ ಅಂದ್ಕೊಂಡಿದಾರೆ, ಬಲಕ್ಕೆ ವಾಲಿದಾರೆ. ಹೇಳಿದ್ರೆ ಜಗಳ. ಸುಮ್ನೆ ಬಲಗಾಲು ಅರ್ಧ ಇಂಚು ಗಿಡ್ಡ ಹೊಲಿದುಬಿಡೋದು.' ಮದುವೆಯಾದಂದಿನಿಂದ ನನ್ನ ಪ್ಯಾಂಟಿನ ಎರಡು ಕಾಲೂ ಒಂದೇ ಉದ್ದ ಎಂದು ನಂಬಿಕೊಂಡು ಬದುಕಿದ್ದೆ. (ಆಮೇಲೆ ಬಾಗಿಲಿನ ಚೌಕಟ್ಟಿನ ಪಕ್ಕದಲ್ಲಿ ನಿಂತು ಪರೀಕ್ಷಿಸಿದೆ. ಚೌಕಟ್ಟು ಎಡಕ್ಕೆ ವಾಲಿದೆ ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ನಕ್ಷೆಯೂ ನನ್ನದೇ ಆದ್ದರಿಂದ ಜೋರಾಗಿ ಹೇಳಲಿಲ್ಲ.)

ನನ್ನ ತಪ್ಪೊಪ್ಪಿಗೆಯನ್ನು ಸಂಪಾದಕಿ ಪೂರ್ತಿ ಕೇಳಿಸಿಕೊಂಡರು. ಅವರಿಗೆ ಸಿಟ್ಟು ಬಂದಿತ್ತೇನೋ, ಆದರೆ ನನ್ನ ಕಡೆ ನೋಡಿದಾಗಲೆಲ್ಲ ತುಟಿ ಕಚ್ಚಿಕೊಳ್ಳಬೇಕಾಗಿದ್ದರಿಂದ ಅದು ಹೊರಗೆ ಬರಲಿಲ್ಲ. ನನ್ನವಳು ಕಡ್ಡಿ ಮುರಿದಂತೆ ಹೇಳಿದಳು:

"ಒಂಬತ್ತು ನನ್ನ ಗಿರಾಕಿಗಳದು. ಅದನ್ನ ಈಗಲೇ ಅಳಿಸಿಬಿಡಿ ಮೇಡಂ. ಒಂದು ಗೆರೆನೂ ಉಳೀಬಾರದು."

ಸಂಪಾದಕಿ ಫೋನು ತೆಗೆದು ಅಲ್ಲೇ ಒಂದೊಂದಾಗಿ ಅಳಿಸಿ ತೋರಿಸಿದರು. ಹತ್ತನೆಯದಕ್ಕೆ ಬಂದಾಗ ಬೆರಳು ನಿಂತಿತು. "ಇದೂ...?"

"ಅದು ಇರಲಿ" ಎಂದಳು ನನ್ನವಳು. "ಇವರು ಗಿರಾಕಿ ಅಲ್ಲ. ಒಂದು ದಿನಾನೂ ಹೊಲಿಗೆ ಕೂಲಿ ಕೊಟ್ಟೋರಲ್ಲ."

ಅಲ್ಲಿಗೆ ನನ್ನ ಮಾನದ ವಿಚಾರ ಇತ್ಯರ್ಥವಾಯಿತು. ಸಂಪಾದಕಿ ಅವಳ ಕೈಗೆ ಪೆನ್ನು ಕೊಟ್ಟು, "ಲಂಬಣ್ಣ ಬಸ್ಸಿಗೆ ಓಡ್ತಿದಾನೆ, ಬರೀರಿ ನೋಡೋಣ" ಎಂದರು. ಮಗಳು ಓಡಿಹೋಗಿ ಸ್ಟೆಬಿಲೈಸರನ್ನು ಸೊನ್ನೆಗೆ ಇಳಿಸಿದಳು. ನನ್ನವಳು ಸೀಮೆಸುಣ್ಣ ಹಿಡಿದಂತೆಯೇ ಪೆನ್ನು ಹಿಡಿದು, ಭುಜದಿಂದ ಒಂದು ಬೀಸು ಬೀಸಿದಳು. ತಲೆಯಿಂದ ಹಿಮ್ಮಡಿಗೆ ಒಂದೇ ಗೆರೆ. ಆಮೇಲೆ ನಾಲ್ಕು ಕಡೆ ಗೀಚಿದಳು. ನಾನು ಓಡುತ್ತಿದ್ದೆ, ಬಸ್ಸು ತಪ್ಪಿಹೋಗುವುದು ಖಚಿತ ಎಂದು ಬೆನ್ನೇ ಹೇಳುತ್ತಿತ್ತು. ಮಗಳು ಫೋನು ನೋಡಿ "ಇಪ್ಪತ್ತೆರಡು ಸೆಕೆಂಡು!" ಎಂದಳು.

ಒಪ್ಪಂದ ಅವಳ ಹೆಸರಿಗಾಯಿತು. ಹೊರಡುವಾಗ ಸಂಪಾದಕಿ ನನ್ನ ಮುಖ ನೋಡಿ ಮರುಗಿರಬೇಕು. "ಪ್ರತಿ ಪುಟದಲ್ಲೂ ಚಿತ್ರದ ಸುತ್ತ ಚೌಕಟ್ಟಿನ ಗೆರೆ ಬೇಕಲ್ಲ, ಅದನ್ನ ಸಾರ್ ಎಳೀಲಿ" ಎಂದರು. ನೀವು ನಗಬಹುದು, ನನಗೆ ಆನಂದವಾಯಿತು. ಸಂಜೆ ಕಚೇರಿಯಿಂದ ಬಂದು ಟ್ಯಾಬ್ ಹಿಡಿದರೆ ಮತ್ತೆ ನನ್ನ ಕೈಯಲ್ಲಿ ಗೆರೆ ಇರುತ್ತಿತ್ತು. ಪುಟಕ್ಕೆ ನಾಲ್ಕು ಚೌಕಟ್ಟು. ಮೂಲೆಗೆ ಮೂಲೆ ಸರಿಯಾಗಿ ತೊಂಬತ್ತು ಡಿಗ್ರಿ. ಒಳಗೆ ಅವಳು ನನ್ನನ್ನು ಬೀಳಿಸುತ್ತಿದ್ದಳು, ಜಾರಿಸುತ್ತಿದ್ದಳು, ಮಳೆಯಲ್ಲಿ ನೆನೆಸುತ್ತಿದ್ದ‍ಳು. ಹೊರಗೆ ನಾನು ಎಲ್ಲವನ್ನೂ ಭದ್ರವಾಗಿ ಕಟ್ಟಿ ನಿಲ್ಲಿಸುತ್ತಿದ್ದೆ. ಮೂರು ವಾರದಲ್ಲಿ ಮೊದಲ ಪುಸ್ತಕದ ಹನ್ನೊಂದು ಪುಟ ಮುಗಿಯಿತು. ಹನ್ನೆರಡನೆಯ ಪುಟ ಮಾತ್ರ ಅವಳಿಗೆ ಬಗ್ಗಲಿಲ್ಲ. ಅದರಲ್ಲಿ ಲಂಬಣ್ಣನಿಗೆ ದೊಡ್ಡದೊಂದು ನಿರಾಸೆಯಾಗಬೇಕು. ಆರು ಸಲ ಬರೆದು ಆರು ಸಲ ಅಳಿಸಿದ್ದಳು.

"ಮುಖ ಸರಿ ಬರ್ತಿಲ್ಲ ರೀ. ಒಂದ್ಸಲ ನಿರಾಸೆ ಆದ ಹಾಗೆ ನಿಂತ್ಕೊಳ್ಳಿ" ಎಂದು ನಿನ್ನೆ ಬೆಳಿಗ್ಗೆ ಕರೆದಳು. ನಿಂತುಕೊಂಡೆ.

"ಅದು ಹಲ್ಲುನೋವು. ಹೋಗ್ಲಿ ಬಿಡಿ, ನಿಮ್ಮ ಕೈಲಾಗಲ್ಲ" ಎಂದಳು.

ಅಷ್ಟರಲ್ಲಿ ಫೋನು ಬಂತು. ಸಂಪಾದಕಿ. ಹನ್ನೊಂದು ಪುಟ ನೋಡಿದೆವು, ಎಲ್ಲರಿಗೂ ಬಹಳ ಇಷ್ಟವಾಯಿತು ಎಂದರು. ನಾನು ಎದೆಯುಬ್ಬಿಸಿದೆ.

"ಒಂದೇ ಒಂದು ಸಣ್ಣ ವಿಷಯ ಸಾರ್. ಚಿತ್ರಗಳು ಅಷ್ಟು ಜೀವಂತವಾಗಿವೆ, ಆ ಚೌಕಟ್ಟುಗಳು ಮಾತ್ರ ತುಂಬ ಬಿಗಿ ಅನ್ನಿಸ್ತಿವೆ. ಸ್ವಲ್ಪ ಸಡಿಲ ಇದ್ರೆ ಚೆನ್ನ. ಅವನ್ನೂ ಅಮ್ಮಾವರೇ ಎಳೆದುಬಿಟ್ರೆ..."

"ಆಗಲಿ ಮೇಡಂ" ಎಂದೆ. ಫೋನು ಕಿವಿಯಿಂದ ಕೆಳಗಿಳಿಯಿತು. ಕತ್ತೂ ಯಾವತ್ತೂ ಇಲ್ಲದಂತೆ ಒಂದಿಷ್ಟು ಕೆಳಗಿಳಿಯಿತು.

"ರೀ, ಹಾಗೇ ಇರಿ! ಅಲ್ಲಾಡಬೇಡಿ!" ನನ್ನವಳು ಪೆನ್ನಿಗೆ ತಡಕಾಡುತ್ತ ಕೂಗಿದಳು. "ಇದೇ, ಇದೇ ಬೇಕಾಗಿತ್ತು ನನಗೆ. ಮೂವತ್ತು ಸೆಕೆಂಡು, ಅಷ್ಟೆ!"